ಬರದ ಲೆಕ್ಕ ಹಾಕಬೇಕಾದ್ದು ಡ್ಯಾಂ ತುಂಬಿದಾಗ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಇವತ್ತು ಕಾವೇರಿ ಬಗ್ಗೆ ಮಾತಾಡೋಣ. ಕಾವೇರಿ ಅಂದ ಕೂಡಲೇ ನಮಗೆ ಹೆದ್ದಾರಿ ತಡೆ, ಬಂದ್, ಸುಪ್ರೀಂ ಕೋರ್ಟ್, ತಮಿಳುನಾಡು ಇವೆಲ್ಲ ನೆನಪಾಗುತ್ತೆ. ಅದೆಲ್ಲ ನಡೆಯೋದು ಬರ ಬಂದ ವರ್ಷ. 2024ರಲ್ಲೂ 2025ರಲ್ಲೂ ಮಳೆ ಚೆನ್ನಾಗಿ ಆಯ್ತು. 2025ರಲ್ಲಂತೂ ಕೆಆರ್‌ಎಸ್ ಜೂನ್ ತಿಂಗಳಲ್ಲೇ ಭರ್ತಿಯಾಗಿ, ಜೂನ್ 30ಕ್ಕೆ ಮುಖ್ಯಮಂತ್ರಿ ಬಾಗಿನ ಅರ್ಪಿಸಿದರು. ಅಣೆಕಟ್ಟೆಯ ಇತಿಹಾಸದಲ್ಲಿ ಜೂನ್‌ನಲ್ಲಿ ಬಾಗಿನ ಕೊಟ್ಟಿದ್ದು ಅದೇ ಮೊದಲು. ಬಾಗಿನ ಬಿಟ್ಟ ಮೇಲೆ ಕಾವೇರಿ ಸುದ್ದಿ ನಮ್ಮ ಮುಖಪುಟದಿಂದ ಒಳಪುಟಕ್ಕೆ ಹೋಗುತ್ತೆ, ಅಲ್ಲಿಂದ ಕಾಣೆಯೇ ಆಗುತ್ತೆ.

ನಾನು ಹೇಳೋಕೆ ಹೊರಟಿರೋದು ಇಷ್ಟೇ: ಬರವನ್ನು ನಿಭಾಯಿಸೋ ಕೆಲಸ ಬರದ ವರ್ಷದ ಮಾರ್ಚ್‌ನಲ್ಲಿ ಆಗೋದಲ್ಲ. ಅದು ಜುಲೈ, ಆಗಸ್ಟ್‌ನಲ್ಲಿ ಆಗಬೇಕು. ಅದರ ನಿಯಮ ಬರೆಯೋ ಕೆಲಸ ಅದಕ್ಕೂ ಮೊದಲು, ನೀರು ಸಮೃದ್ಧವಾಗಿರೋ ವರ್ಷದಲ್ಲಿ ಆಗಬೇಕು. ಯಾಕೆ ಅಂತ ಒಂದೊಂದಾಗಿ ನೋಡೋಣ.

ಮೊದಲು ನಾವು ಮಾಧ್ಯಮದವರು ದಿನಾ ಓದಿ ಹೇಳೋ ಆ ಅಂಕಿಯಿಂದಲೇ ಶುರು ಮಾಡ್ತೀನಿ. 'ಕೆಆರ್‌ಎಸ್ ನೀರಿನ ಮಟ್ಟ 100 ಅಡಿ' ಅಂತ ನಾವು ಹೇಳ್ತೀವಿ. ಗರಿಷ್ಠ ಮಟ್ಟ 124.80 ಅಡಿ. ಕೇಳಿದವರಿಗೆ ಏನನ್ನಿಸುತ್ತೆ? ನೂರಿಪ್ಪತ್ತೈದರಲ್ಲಿ ನೂರಿದೆ, ಅಂದ್ರೆ ಶೇ 80ರಷ್ಟು ನೀರಿದೆ. ಹಾಗಲ್ಲ. ಜಲಾಶಯ ಅನ್ನೋದು ಡ್ರಮ್ಮಿನ ಥರ ನೇರ ಗೋಡೆಯ ಪಾತ್ರೆ ಅಲ್ಲ, ಅದು ಬಾಣಲೆ ಥರ. ಮೇಲೆ ಅಗಲ, ಕೆಳಗೆ ಇಕ್ಕಟ್ಟು. ಕೆಆರ್‌ಎಸ್‌ನ ಪೂರ್ಣ ಸಂಗ್ರಹ 49.45 ಟಿಎಂಸಿ. ಮಟ್ಟ 100 ಅಡಿಗೆ ಇಳಿದಾಗ ಅಲ್ಲಿರೋದು ಅದರ ಅರ್ಧಕ್ಕಿಂತ ಕಡಿಮೆ. ಮೇಲಿನ ಸುಮಾರು 25 ಅಡಿಯಲ್ಲೇ ಅರ್ಧಕ್ಕಿಂತ ಹೆಚ್ಚು ನೀರು ಕೂತಿರುತ್ತೆ. ಉಳಿದ ಅರ್ಧದಲ್ಲೂ ತಳದ ಸುಮಾರು 4.4 ಟಿಎಂಸಿಯನ್ನು ಬಳಕೆಯ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. ಅದು ಡೆಡ್ ಸ್ಟೋರೇಜ್.

ಹಾಗಾಗಿ ಅಡಿ ಲೆಕ್ಕ ನೋಡಿ ಧೈರ್ಯ ತಗೊಂಡರೆ ಮೋಸ ಹೋಗ್ತೀವಿ. ಕೆಳಗೆ ಹೋದಷ್ಟೂ ಪ್ರತಿ ಅಡಿಯ ಬೆಲೆ ಕಡಿಮೆ. ಮೇಲಿದ್ದಾಗ ಒಂದು ಅಡಿ ಇಳಿಯೋಕೆ ತಗೊಂಡಷ್ಟು ದಿನ ಕೆಳಗೆ ಒಂದು ಅಡಿ ಇಳಿಯೋಕೆ ಬೇಕಾಗಲ್ಲ.

ಇನ್ನು ಟಿಎಂಸಿ ಅಂದ್ರೆ ಎಷ್ಟು? ನೂರು ಕೋಟಿ ಘನ ಅಡಿ. ನದಿಗೆ ಬಿಡೋ ನೀರನ್ನು ನಾವು ಕ್ಯೂಸೆಕ್‌ನಲ್ಲಿ ಹೇಳ್ತೀವಿ, ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ. ಸುಮಾರು 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಈ ಒಂದು ಲೆಕ್ಕ ನೆನಪಿಟ್ಟುಕೊಂಡರೆ ಮುಂದಿನ ಎಲ್ಲ ಸುದ್ದಿಯೂ ಅರ್ಥ ಆಗುತ್ತೆ. ಉದಾಹರಣೆಗೆ, 5,000 ಕ್ಯೂಸೆಕ್‌ನಂತೆ 15 ದಿನ ಅಂದ್ರೆ ಸುಮಾರು ಆರೂವರೆ ಟಿಎಂಸಿ. ಬೆಂಗಳೂರಿಗೆ ನಾಲ್ಕನೇ ಹಂತದವರೆಗೆ ಬರ್ತಿದ್ದ ಕಾವೇರಿ ನೀರು ದಿನಕ್ಕೆ ಸುಮಾರು 145 ಕೋಟಿ ಲೀಟರ್. ಆ ಲೆಕ್ಕದಲ್ಲಿ ಆರೂವರೆ ಟಿಎಂಸಿ ಅಂದ್ರೆ ಬೆಂಗಳೂರಿನ ನಾಲ್ಕು ತಿಂಗಳ ನೀರು.

ಈಗ 2023ಕ್ಕೆ ಬರ್ತೀನಿ. ಆ ವರ್ಷ ಮುಂಗಾರು ತಡವಾಗಿ ಬಂತು, ಜೂನ್ ಸೊರಗಿತು. ಜುಲೈ ಕೊನೆಯಲ್ಲಿ ಕೊಡಗು, ವಯನಾಡು ಭಾಗದಲ್ಲಿ ಜೋರು ಮಳೆಯಾಗಿ ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ಆಗಸ್ಟ್. 1901ರಿಂದ ದಾಖಲೆ ಇರುವಷ್ಟು ವರ್ಷಗಳಲ್ಲಿ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅದು. ವಾಡಿಕೆಗಿಂತ ಶೇ 36ರಷ್ಟು ಕಡಿಮೆ ಮಳೆ. ಕೆಆರ್‌ಎಸ್, ಕಬಿನಿ, ಹಾರಂಗಿ, ಹೇಮಾವತಿ, ಈ ನಾಲ್ಕೂ ಸೇರಿ ನಮ್ಮ ಕಾವೇರಿ ಕಣಿವೆಯ ಸಂಗ್ರಹ ಸಾಮರ್ಥ್ಯ ಸುಮಾರು 114 ಟಿಎಂಸಿ. ಆ ಪಾತ್ರೆ ತುಂಬಲೇ ಇಲ್ಲ.

ತಮಿಳುನಾಡಿಗೆ ಬಿಡಬೇಕಾದ ನೀರಿನ ಲೆಕ್ಕ ನೋಡಿ. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಹರಿಯಬೇಕು. ಇದು ತಿಂಗಳವಾರು ಹಂಚಿಕೆ. ಜೂನ್‌ನಲ್ಲಿ 9.19, ಜುಲೈನಲ್ಲಿ 31.24, ಆಗಸ್ಟ್‌ನಲ್ಲಿ 45.95, ಸೆಪ್ಟೆಂಬರ್‌ನಲ್ಲಿ 36.76 ಟಿಎಂಸಿ. ಈ ನಾಲ್ಕು ತಿಂಗಳಲ್ಲೇ 123 ಟಿಎಂಸಿ ಆಯ್ತು. ಅಂದ್ರೆ ನಮ್ಮ ನಾಲ್ಕೂ ಜಲಾಶಯ ತುಂಬಿದರೆ ಎಷ್ಟೋ ಅದಕ್ಕಿಂತ ಹೆಚ್ಚು. ಮಳೆ ಸುರೀತಾ ಇದ್ರೆ ಇದು ಕಷ್ಟವಲ್ಲ, ನದಿ ತಾನೇ ಹರಿದು ಹೋಗುತ್ತೆ. ಮಳೆ ನಿಂತರೆ ಅದೇ ಆಗಸ್ಟ್ ಅಂಕಿ ಕತ್ತಿಗೆ ಬರುತ್ತೆ.

ಹಾಗೇ ಆಯ್ತು. ಆಗಸ್ಟ್ ಕೊನೆಗೆ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ 15 ದಿನ 5,000 ಕ್ಯೂಸೆಕ್ ಬಿಡಿ ಅಂತು. ಸೆಪ್ಟೆಂಬರ್ ಮಧ್ಯದಲ್ಲಿ ಮತ್ತೆ 15 ದಿನ ಅಷ್ಟೇ. ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ ಇದರಲ್ಲಿ ಕೈ ಹಾಕಲ್ಲ ಅಂತ ಹೇಳಿತು. 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಅಕ್ಟೋಬರ್ ಮಧ್ಯದವರೆಗೆ 3,000 ಕ್ಯೂಸೆಕ್. ಪ್ರತಿ ಹದಿನೈದು ದಿನಕ್ಕೊಂದು ಆದೇಶ, ಪ್ರತಿ ಆದೇಶಕ್ಕೊಂದು ಪ್ರತಿಭಟನೆ.

ಇಲ್ಲಿ ಯಾರು ಸರಿ, ಯಾರು ತಪ್ಪು ಅನ್ನೋ ವಾದಕ್ಕೆ ನಾನು ಹೋಗಲ್ಲ. ನನಗೆ ಮುಖ್ಯ ಅನ್ನಿಸೋದು ಆ 'ಹದಿನೈದು ದಿನ' ಅನ್ನೋ ಮಾತು. ಭತ್ತದ ಬೆಳೆ ನಾಲ್ಕೈದು ತಿಂಗಳದ್ದು. ಕಬ್ಬು ಒಂದು ವರ್ಷದ್ದು. ನಗರಕ್ಕೆ ಮುಂದಿನ ಜೂನ್‌ವರೆಗೆ ನೀರು ಬೇಕು. ಆದರೆ ನಿರ್ಧಾರ ಮಾತ್ರ ಹದಿನೈದು ಹದಿನೈದು ದಿನದ್ದು. ನಾಲ್ಕು ತಿಂಗಳ ಬೆಳೆ ಇಡೋ ರೈತ ಹದಿನೈದು ದಿನದ ಭರವಸೆ ನಂಬಿ ನಾಟಿ ಹಾಕೋದು ಹೇಗೆ?

ಮಂಡ್ಯ ಕಡೆ ಹೋದರೆ ಇದೇ ಮಾತು ಕೇಳಿಬರುತ್ತೆ. 'ನೀರ್ ಇಲ್ಲ ಅಂದ್ರೆ ಇಲ್ಲ ಅಂತ ಮೊದ್ಲೇ ಹೇಳ್ಬಿಡ್ಲಿ ಸಾ, ರಾಗಿ ಚೆಲ್ಕತೀವಿ. ನಾಟಿ ಆದ್ಮೇಲೆ ಇಲ್ಲ ಅಂದ್ರೆ ಏನ್ ಮಾಡಾದು?' ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತರಿಗಂತೂ ಇದು ಬದುಕಿನ ಪ್ರಶ್ನೆ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟರೆ, ಅಂದ್ರೆ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸಿದರೆ, ಮೇಲಿನ ಊರಿಗೆ ಮೂರು ಕಟ್ಟು ಸಿಕ್ಕಾಗ ಕೊನೆ ಊರಿಗೆ ಒಂದು ಕಟ್ಟು ಮುಟ್ಟಿದರೆ ಪುಣ್ಯ.

ಈಗ ಆ ಹದಿನೈದು ದಿನದ ಹಿಂದಿರೋ ಗಣಿತ ನೋಡೋಣ. ಒಂದು ಊಹೆಯ ಉದಾಹರಣೆ ಕೊಡ್ತೀನಿ. ಆಗಸ್ಟ್ ಕೊನೆಗೆ ನಿಮ್ಮ ಕೈಯಲ್ಲಿ 40 ಪಾಲು ನೀರಿದೆ. ಮುಂದಿನ ಜೂನ್‌ವರೆಗೆ ಬೇಕಾಗಿರೋದು 60 ಪಾಲು. ಎರಡು ದಾರಿ ಇದೆ. ಮೊದಲನೇದು, ಇವತ್ತಿನಿಂದಲೇ ಎಲ್ಲರಿಗೂ ಮೂರನೇ ಒಂದು ಭಾಗ ಕಡಿತ. ಎಲ್ಲರೂ ಬೈತಾರೆ, ಆದರೆ ಎಲ್ಲರಿಗೂ ಮೂರರಲ್ಲಿ ಎರಡು ಪಾಲು ಸಿಗೋದು ಖಚಿತ. ಎರಡನೇದು, ಸೆಪ್ಟೆಂಬರ್‌ನಲ್ಲಿ ಮಳೆ ಬರಬಹುದು ಅಂತ ಕಾಯ್ತಾ ಪೂರ್ತಿ ಕೊಡೋದು. ಮಳೆ ಬಂದ್ರೆ ಗೆದ್ದೆವು. ಬರದಿದ್ದರೆ ಡಿಸೆಂಬರ್ ಹೊತ್ತಿಗೆ ಕೈ ಖಾಲಿ, ಆಮೇಲೆ ಕಡಿತ ಮೂರನೇ ಒಂದು ಭಾಗದ್ದಲ್ಲ, ಪೂರ್ತಿ.

ಸಣ್ಣ ನೋವನ್ನು ಮೊದಲೇ ತಗೊಂಡು ದೊಡ್ಡ ನೋವನ್ನು ತಪ್ಪಿಸಿಕೊಳ್ಳೋದು ಜಲಾಶಯ ನಿರ್ವಹಣೆಯ ಹಳೆಯ ಪಾಠ. ನಮ್ಮ ಹಳ್ಳಿಗಳಲ್ಲಿ ರಾಗಿ ಹಗೇವು ಇತ್ತಲ್ಲ, ಅದರ ಲೆಕ್ಕವೂ ಇದೇ. ಹಗೇವು ತೆಗೆದ ದಿನವೇ ಅಜ್ಜಿ ಮುಂದಿನ ಸುಗ್ಗಿವರೆಗೆ ಲೆಕ್ಕ ಹಾಕ್ತಿದ್ದಳು. ರಾಗಿ ತಳ ಕಂಡ ಮೇಲೆ ಲೆಕ್ಕ ಹಾಕಿ ಏನೂ ಪ್ರಯೋಜನ ಇಲ್ಲ.

ಬೆಳೆ ವಿಷಯದಲ್ಲಿ ಇನ್ನೂ ಒಂದು ಸಂಗತಿ ಇದೆ. ಭತ್ತಕ್ಕೆ ಎಲ್ಲ ಹೊತ್ತಿನ ನೀರೂ ಒಂದೇ ಅಲ್ಲ. ಹೊಡೆ ಬರೋ ಹೊತ್ತಿಗೆ ನೀರು ತಪ್ಪಿದರೆ ಕಾಳು ಜೊಳ್ಳು. ಅಂದ್ರೆ ಅಲ್ಲಿವರೆಗೆ ಎರಡು ಮೂರು ತಿಂಗಳು ಕೊಟ್ಟ ನೀರೂ ಹೋಯ್ತು, ಬೀಜ, ಗೊಬ್ಬರ, ಕೂಲಿ, ಸಾಲ ಎಲ್ಲವೂ ಹೋಯ್ತು. ಬರದ ವರ್ಷದ ಅತಿ ದೊಡ್ಡ ಪೋಲು ಯಾವುದು ಅಂತ ಕೇಳಿದ್ರೆ, ಕೊಯ್ಲಿಗೆ ಬಾರದ ಬೆಳೆಗೆ ಕೊಟ್ಟ ನೀರು ಅಂತಲೇ ನಾನು ಹೇಳೋದು. ಹತ್ತು ಎಕರೆಗೆ ಅರ್ಧಂಬರ್ಧ ನೀರು ಕೊಡೋದಕ್ಕಿಂತ ಆರು ಎಕರೆಗೆ ಕೊನೆಯವರೆಗೆ ನೀರು ಕೊಟ್ಟು, ಉಳಿದ ನಾಲ್ಕಕ್ಕೆ ರಾಗಿಯೋ ಹುರುಳಿಯೋ ಹಾಕಿಸಿ, ಆ ರೈತನ ನಷ್ಟ ತುಂಬಿಕೊಡೋದು ಮೇಲು. ರಾಗಿಗೆ ಬೇಕಾದ ನೀರು ಭತ್ತದ ಅರ್ಧಕ್ಕಿಂತಲೂ ಕಡಿಮೆ.

ಇದೇನು ಹೊಸ ಯೋಚನೆಯೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಮುಂಬೈ ಪ್ರಾಂತ್ಯದ ಸೇವೆಯಲ್ಲಿದ್ದಾಗಲೇ, ನೀರಾ ಕಾಲುವೆಗೆ ಬ್ಲಾಕ್ ಪದ್ಧತಿ ರೂಪಿಸಿದ್ದರು. ಯಾವ ಬ್ಲಾಕಿನಲ್ಲಿ ಎಷ್ಟು ಜಮೀನಿಗೆ ನೀರು ಅಂತ ಮೊದಲೇ ಗೊತ್ತುಮಾಡಿ, ಬೆಳೆ ಬದಲಿಸ್ತಾ ಬೆಳೆಯೋದು. ಇರೋ ನೀರನ್ನು ಹೆಚ್ಚು ಹಳ್ಳಿಗೆ ಹಂಚೋದು ಅದರ ಉದ್ದೇಶ. 1924ರ ಮೈಸೂರು–ಮದ್ರಾಸ್ ಒಪ್ಪಂದದಲ್ಲೂ ಕೆಆರ್‌ಎಸ್‌ನಲ್ಲಿ ಯಾವಾಗ ಎಷ್ಟು ನೀರು ಹಿಡಿಯಬೇಕು, ಎಷ್ಟು ಕೆಳಗೆ ಬಿಡಬೇಕು ಅನ್ನೋ ನಿಯಮಾವಳಿ ಜೊತೆಗೇ ಇತ್ತು. ಒಪ್ಪಂದ ನ್ಯಾಯವಾಗಿತ್ತೋ ಇಲ್ಲವೋ ಅನ್ನೋದು ಬೇರೆ ಮಾತು. ನಿಯಮ ಇಲ್ಲದೆ ಅಣೆಕಟ್ಟು ನಡೆಸೋಕಾಗಲ್ಲ ಅನ್ನೋದು ಅವತ್ತೇ ಗೊತ್ತಿತ್ತು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಇದೆ. 'ಆಗಸ್ಟ್‌ನಲ್ಲೇ ನಾಟಿ ಬೇಡ ಅಂತ ಹೇಳಿ, ಆಮೇಲೆ ಸೆಪ್ಟೆಂಬರ್‌ನಲ್ಲಿ ಮಳೆ ಸುರಿದು ಡ್ಯಾಂ ತುಂಬಿದರೆ? ಗದ್ದೆ ಬೀಳು ಬಿಟ್ಟ ರೈತನಿಗೆ ಯಾರು ಹೊಣೆ?' ಹೌದು, ಹಾಗೂ ಆಗಬಹುದು. ಮುಂಜಾಗ್ರತೆಗೆ ಒಂದು ಬೆಲೆ ಇದೆ. ಆದರೆ ಆ ಬೆಲೆಯನ್ನು ರೈತನೊಬ್ಬನ ತಲೆಗೆ ಕಟ್ಟಬಾರದು. ಬೆಳೆ ಒಣಗಿದ ಮೇಲೆ ಸಮೀಕ್ಷೆ ಮಾಡಿ, ತಿಂಗಳುಗಟ್ಟಲೆ ಕಾಯಿಸಿ ಪರಿಹಾರ ಕೊಡೋ ಬದಲು, ನಾಟಿ ಬಿಟ್ಟು ನೀರು ಉಳಿಸಿದವನಿಗೆ ಮೊದಲೇ ಗೊತ್ತುಮಾಡಿದ ಮೊತ್ತ ಕೊಡಬೇಕು. ಅವನು ಉಳಿಸಿದ ನೀರನ್ನು ಕುಡಿಯೋರು ನಾವು, ನಗರದವರು.

ಈಗ ನಗರಕ್ಕೆ ಬರೋಣ. ಬೆಳೆಗೆ ನೀರು ಕಡಿತ ಮಾಡಬಹುದು, ನಲ್ಲಿಗೆ ಮಾಡೋದು ಕಷ್ಟ. ಕುಡಿಯೋ ನೀರಿಗೆ ಮೊದಲ ಆದ್ಯತೆ, ಅದು ಸರಿ ಕೂಡ. ಆದರೆ ಬೆಂಗಳೂರು ಬೆಳೆದ ಹಾಗೆಲ್ಲ ಕಡಿತ ಮಾಡಲಾಗದ ಪಾಲು ಹೆಚ್ಚುತ್ತೆ, ಬರದ ಭಾರವೆಲ್ಲ ಉಳಿದ ಪಾಲಿನ ಮೇಲೆ, ಅಂದ್ರೆ ರೈತನ ಮೇಲೆ ಬೀಳುತ್ತೆ. 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯ್ತು. ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು, ಮುಖ್ಯವಾಗಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ಟ್ಯಾಂಕರ್ ನೀರಿಗೆ ಸಂಬಳದ ದೊಡ್ಡ ಭಾಗ ಸುರೀತಿದ್ದ ಮನೆಗಳಿಗೆ ಅದು ಬೇಕೇ ಬೇಕಿತ್ತು. ಹಳೆಯದೂ ಹೊಸದೂ ಪೂರ್ತಿ ಹರಿದರೆ ದಿನಕ್ಕೆ ಸುಮಾರು 222 ಕೋಟಿ ಲೀಟರ್. ವರ್ಷಕ್ಕೆ 28 ಟಿಎಂಸಿಗೂ ಹೆಚ್ಚು. ತುಂಬಿದ ಕೆಆರ್‌ಎಸ್‌ನ ಅರ್ಧಕ್ಕಿಂತ ಜಾಸ್ತಿ.

2024ರ ಮಾರ್ಚ್ ನೆನಪಿದೆಯಲ್ಲ. ಬೋರ್‌ವೆಲ್‌ಗಳು ಬತ್ತಿದವು, ಟ್ಯಾಂಕರ್ ದರ ಏರಿತು. ಕುಡಿಯೋ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ನಲ್ಲಿಗಳಿಗೆ ಏರಿಯೇಟರ್ ಹಾಕಿಸಿ ಅಂತು. ಒಳ್ಳೆಯ ಆದೇಶಗಳೇ. ಆದರೆ ತಡವಾಗಿ ಬಂದವು. ಮಂಡ್ಯದ ರೈತ ಸೆಪ್ಟೆಂಬರ್‌ನಲ್ಲೇ ಕಡಿತ ಅನುಭವಿಸ್ತಿದ್ದ. ನಗರದಲ್ಲಿ ಅದೇ ಸೆಪ್ಟೆಂಬರ್‌ನಲ್ಲಿ ಏರಿಯೇಟರ್ ಹಾಕಿಸಿದ್ದರೆ ಮಾರ್ಚ್ ಹೊತ್ತಿಗೆ ಆರು ತಿಂಗಳ ಉಳಿತಾಯ ಕೈಯಲ್ಲಿರ್ತಿತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನೋ ಹಾಗಾಯ್ತು.

ನಗರಕ್ಕೆ ಇನ್ನೊಂದು ಅನುಕೂಲ ಇದೆ, ಗದ್ದೆಗೆ ಇಲ್ಲದ್ದು. ಗದ್ದೆಗೆ ಹೋದ ನೀರಲ್ಲಿ ದೊಡ್ಡ ಭಾಗ ಆವಿಯಾಗುತ್ತೆ. ಮನೆಗೆ ಹೋದ ನೀರಲ್ಲಿ ಶೇ 80ರಷ್ಟು ಕೊಳಚೆ ನೀರಾಗಿ ಹೊರಬರುತ್ತೆ ಅನ್ನೋದು ಒಳಚರಂಡಿ ಯೋಜನೆಗಳು ಇಟ್ಟುಕೊಳ್ಳೋ ಲೆಕ್ಕ. ಅದನ್ನು ಶುದ್ಧೀಕರಿಸಿದರೆ ಮತ್ತೊಮ್ಮೆ ಬಳಸಬಹುದು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗ್ತಿದೆ. ಅದರ ಗುಣಮಟ್ಟದ ಬಗ್ಗೆ, ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನೋದರ ಬಗ್ಗೆ ಅಲ್ಲಿನ ಜನ ಎತ್ತಿರೋ ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕು. ಆದರೆ ಕಟ್ಟಡ ಕಾಮಗಾರಿ, ಕೈಗಾರಿಕೆ, ಪಾರ್ಕು, ಫ್ಲಶ್ ಇವಕ್ಕೆಲ್ಲ ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರ್ ಆಸುಪಾಸು ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿ ನೀರೇ ಆಗಬೇಕಾ? ಅದರ ಜೊತೆಗೆ ನಗರದ ಪೈಪುಗಳಲ್ಲಿ ಲೆಕ್ಕಕ್ಕೆ ಸಿಗದೆ ಹೋಗೋ ನೀರು ಕಾಲು ಭಾಗಕ್ಕಿಂತ ಹೆಚ್ಚು. ಬರದಲ್ಲಿ ನಾಲೆಗೆ ಬಾಗಿಲು ಹಾಕೋ ಮೊದಲು ಈ ಸೋರಿಕೆಗೆ ಬಾಗಿಲು ಹಾಕಿದ್ದೀವಿ ಅಂತ ರೈತನ ಮುಖ ನೋಡಿ ಹೇಳೋ ಸ್ಥಿತಿಯಲ್ಲಿ ನಗರ ಇರಬೇಕು.

ಹಾಗಾದ್ರೆ ಮೇಕೆದಾಟು ಕಟ್ಟಿದರೆ ಎಲ್ಲ ಸರಿಹೋಗಲ್ವಾ ಅಂತ ಕೇಳ್ತೀರಿ. 67.16 ಟಿಎಂಸಿ ಸಾಮರ್ಥ್ಯದ ಸಮತೋಲನ ಜಲಾಶಯದ ಪ್ರಸ್ತಾವ ಅದು. ಒಳ್ಳೆ ಮಳೆಯ ವರ್ಷದಲ್ಲಿ ಹರಿದು ಹೋಗೋ ನೀರನ್ನು ಹಿಡಿದಿಡಬಹುದು ಅನ್ನೋದು ಕರ್ನಾಟಕದ ವಾದ. ಮುಳುಗಡೆಯಾಗೋ ಕಾಡು, ತಮಿಳುನಾಡಿನ ವಿರೋಧ ಇನ್ನೊಂದು ಕಡೆ. ಆ ಚರ್ಚೆ ಇನ್ನೊಂದು ಸಂಚಿಕೆಗೇ ಆಗುವಷ್ಟಿದೆ. ಇವತ್ತಿನ ಮಾತಿಗೆ ಬೇಕಾದ್ದು ಇಷ್ಟು: ದೊಡ್ಡ ಹಗೇವು ಇದ್ದರೆ ಹೆಚ್ಚು ರಾಗಿ ಇಡಬಹುದು, ಆದರೆ ಹಂಚೋ ಲೆಕ್ಕ ಇಲ್ಲದಿದ್ದರೆ ದೊಡ್ಡ ಹಗೇವೂ ಒಂದು ದಿನ ಬರಿದಾಗುತ್ತೆ. ತಮಿಳುನಾಡಿನ ಮೆಟ್ಟೂರು ಜಲಾಶಯ 93.47 ಟಿಎಂಸಿಯದ್ದು, ನಮ್ಮ ಕೆಆರ್‌ಎಸ್‌ನ ಹೆಚ್ಚು ಕಡಿಮೆ ಎರಡರಷ್ಟು. ವಾಡಿಕೆಯಂತೆ ಜೂನ್ 12ಕ್ಕೆ ಅದರಿಂದ ನೀರು ಬಿಡ್ತಾರೆ. 2023ರಲ್ಲೂ ಅದೇ ದಿನ ಬಿಟ್ಟರು. ಮುಂಗಾರು ಕೈಕೊಟ್ಟಿತು, ಅಕ್ಟೋಬರ್‌ನಲ್ಲಿ ನೀರು ನಿಲ್ಲಿಸಬೇಕಾಯ್ತು. ಡೆಲ್ಟಾದ ರೈತನೂ ನಮ್ಮ ಮಂಡ್ಯದ ರೈತನ ಹಾಗೇ ಗದ್ದೆ ಬದುವಿನ ಮೇಲೆ ನಿಂತು ಆಕಾಶ ನೋಡಿದ.

ಇನ್ನು ಎರಡು ರಾಜ್ಯಗಳ ನಡುವಿನ ಮಾತು. ಮಳೆ ಕಡಿಮೆಯಾದ ವರ್ಷ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಕಡಿಮೆಯಾಗಬೇಕು ಅಂತ 2007ರ ನ್ಯಾಯಮಂಡಳಿಯ ಐತೀರ್ಪಿನಲ್ಲೇ ಇದೆ. ತತ್ವ ಸರಿ. ಆದರೆ ಯಾವ ದಿನದ ಒಳಹರಿವು ನೋಡಿ ಸಂಕಷ್ಟ ಅನ್ನಬೇಕು, ಎಷ್ಟು ಕೊರತೆಗೆ ಎಷ್ಟು ಕಡಿತ, ಕುಡಿಯೋ ನೀರನ್ನು ಮೊದಲೇ ಬದಿಗಿಡಬೇಕೋ ಬೇಡವೋ, ಇದಕ್ಕೆಲ್ಲ ಎರಡೂ ರಾಜ್ಯ ಒಪ್ಪಿದ ಸೂತ್ರ ಬೇಕು. ನಮಗೆ ನೈರುತ್ಯ ಮುಂಗಾರು ಒಂದೇ ಆಸರೆ, ಅವರಿಗೆ ಅಕ್ಟೋಬರ್‌ನಿಂದ ಈಶಾನ್ಯ ಮಾರುತವೂ ಇದೆ ಅಂತ ನಾವು ಹೇಳ್ತೀವಿ. ಆ ಮಳೆ ಬರೋವರೆಗೆ ಸಾಂಬಾ ಬೆಳೆ ಉಳಿಸೋಕೆ ಕಾವೇರಿಯೇ ಬೇಕು ಅಂತ ಅವರು ಹೇಳ್ತಾರೆ. ಎರಡೂ ನಿಜ. ಎರಡನ್ನೂ ಸೂತ್ರದೊಳಗೆ ಬರೆಯಬಹುದು. ಆದರೆ ಡ್ಯಾಂ ಅರ್ಧ ಖಾಲಿಯಾಗಿ, ರಸ್ತೆಯಲ್ಲಿ ಟೈರು ಉರೀತಿರುವಾಗ ಯಾವ ಮುಖ್ಯಮಂತ್ರಿಯೂ ಕೂತು ಸೂತ್ರ ಬರೆಯೋಕಾಗಲ್ಲ. ಎರಡೂ ಕಡೆ ಡ್ಯಾಂ ತುಂಬಿ ತುಳುಕೋ ವರ್ಷದಲ್ಲಿ ಮಾತ್ರ ಅದು ಸಾಧ್ಯ.

ಕೊನೆಯದಾಗಿ, ನಾವೇನು ಕೇಳಬೇಕು? ನನ್ನ ಪಟ್ಟಿ ಚಿಕ್ಕದು. ಒಂದು, ಜಲಾಶಯದ ಮಟ್ಟವನ್ನು ಅಡಿಯಲ್ಲಷ್ಟೇ ಹೇಳದೆ, ಬಳಸಬಹುದಾದ ನೀರು ಎಷ್ಟು ಟಿಎಂಸಿ, ಮುಂದಿನ ಜೂನ್‌ವರೆಗೆ ಬೇಕಾದದ್ದು ಎಷ್ಟು ಅಂತ ಸರ್ಕಾರ ದಿನಾ ಪ್ರಕಟಿಸಲಿ. ನಾವೂ ಅದನ್ನೇ ಓದ್ತೀವಿ. ಎರಡು, ಜುಲೈ ಮಧ್ಯ, ಆಗಸ್ಟ್ ಮಧ್ಯ ಅಂತ ಎರಡು ದಿನ ಗೊತ್ತುಮಾಡಲಿ. ಆ ದಿನಕ್ಕೆ ನೀರು ಇಷ್ಟಕ್ಕಿಂತ ಕಡಿಮೆ ಇದ್ದರೆ ಇಷ್ಟು ಕಡಿತ ಅನ್ನೋದು ಮೊದಲೇ ಬರೆದಿರಲಿ. ನೀರಾವರಿ ಸಲಹಾ ಸಮಿತಿಯ ತೀರ್ಮಾನ ನಾಟಿಗೆ ಮುಂಚೆ ಊರಿಗೆ ಮುಟ್ಟಲಿ. ಮೂರು, ನಾಟಿ ಬಿಟ್ಟ ರೈತನ ಮೊತ್ತ ಆ ದಿನವೇ ನಿಗದಿಯಾಗಲಿ. ನಾಲ್ಕು, ನಾಲೆಗೆ ಕಡಿತ ಶುರುವಾದ ದಿನವೇ ನಗರಕ್ಕೂ ಉಳಿತಾಯದ ನಿಯಮ ಶುರುವಾಗಲಿ. ಐದು, ಸಂಕಷ್ಟ ಸೂತ್ರದ ಮಾತುಕತೆ ಒಳ್ಳೆ ಮಳೆಯ ವರ್ಷದಲ್ಲಿ ನಡೆಯಲಿ.

ಇದರಲ್ಲಿ ಯಾವುದರಿಂದಲೂ ಮಳೆ ಹೆಚ್ಚಾಗಲ್ಲ. ಆದರೆ ನಾಟಿ ಹಾಕಲೋ ಬೇಡವೋ ಅನ್ನೋ ರೈತನಿಗೆ ಸರಿಯಾದ ಹೊತ್ತಿಗೆ ಒಂದು ಉತ್ತರ ಸಿಗುತ್ತೆ. ಮುಂದಿನ ಸಲ ಬಾಗಿನದ ಫೋಟೊ ಪತ್ರಿಕೆಯಲ್ಲಿ ಬಂದಾಗ ನಿಮ್ಮ ಶಾಸಕರಿಗೆ ಈ ಪ್ರಶ್ನೆ ಕೇಳಿ: 'ಡ್ಯಾಂ ತುಂಬದ ವರ್ಷಕ್ಕೆ ನಿಯಮ ಬರೆದಿಟ್ಟಿದ್ದೀರಾ?'

ನಿಮ್ಮ ಊರಿನ ನಾಲೆ, ಕೆರೆ, ನಲ್ಲಿಯ ಕತೆ ಏನಿದೆ, ನಮಗೆ ಬರೆದು ತಿಳಿಸಿ. ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗ್ತೀನಿ. ಅಲ್ಲಿವರೆಗೆ ನಮಸ್ಕಾರ.